ಅವ್ವ ಮೌನ ಮುರಿದ ಬೆಳಗು

ನಾನು ಚಿಕ್ಕವಳಿದ್ದಾಗ ಶಿಡ್ಲಘಟ್ಟದ ನಮ್ಮ ಬೀದಿ ಹಗಲು ಹೊತ್ತಿನಲ್ಲಿ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಬೆಳಕು ಹರಿಯುತ್ತಿದ್ದಂತೆ ರೇಷ್ಮೆಗೂಡು ಬೇಯಿಸುವ ಒಲೆಗಳು ಹೊತ್ತಿಕೊಳ್ಳುತ್ತಿದ್ದವು. ಬೆಂದ ಗೂಡಿನ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ನಮಗೆ ಆ ವಾಸನೆ ಬಂದರೆ ಬೆಳಗಾಯಿತು ಎಂದು ಅರ್ಥ. ಗೂಡಿನಿಂದ ನೂಲು ತೆಗೆಯುವ ಚರಕಗಳು ಕಿರ್ರೋ ಎನ್ನುತ್ತಿದ್ದವು. ಆ ನೂಲನ್ನು ಹುರಿ ಮಾಡುವ ಯಂತ್ರ ಬೀದಿಯ ಕೊನೆಯಲ್ಲಿ ದುಂಬಿಯ ಹಿಂಡಿನಂತೆ ಗುಂಯ್ಗುಡುತ್ತಿತ್ತು. ಎದುರಿನ ಹೋಟೆಲಿನ ರೇಡಿಯೊ ಇವೆಲ್ಲವನ್ನೂ ಮೀರಿಸುವಂತೆ ಕೂಗುತ್ತಿತ್ತು. ಮನೆಯೊಳಗೆ ಮಾತಾಡಬೇಕಾದರೂ ನಾವು ದನಿ ಎತ್ತಿಯೇ ಮಾತಾಡುತ್ತಿದ್ದೆವು.

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ಅವ್ವ. ಅಪ್ಪನ ತಾಯಿಯನ್ನು ನಾವು ಅವ್ವ ಎಂದು ಕರೆಯುತ್ತಿದ್ದೆವು. ಅವಳ ತವರು ನಂದಿ. ಬೆಟ್ಟದ ಬುಡದಲ್ಲಿರುವ ಆ ಊರಿನ ಹಳೆಯ ಗುಡಿಯ ಶಿವನೇ ಅವಳ ದೇವರು. ಬೆಳಿಗ್ಗೆ ಮುಖ ತೊಳೆದು, ದೂರದಲ್ಲಿ ನೀಲಿಯಾಗಿ ಕಾಣುವ ನಂದಿಬೆಟ್ಟದ ಕಡೆ ತಿರುಗಿ ಕೈಮುಗಿಯುತ್ತಿದ್ದಳು. ಆಮೇಲೆ ಶುರುವಾಗುತ್ತಿತ್ತು ಅವಳ ಮಾತು. ಒಲೆಯೊಂದಿಗೆ, ಹಸುವಿನೊಂದಿಗೆ, ಬೇಯದ ಅವರೆಕಾಳಿನೊಂದಿಗೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡುತ್ತಿದ್ದಳು. ದೇವರೊಂದಿಗೂ ಹಾಗೆಯೇ. ಪೂಜೆಯ ನಡುವೆ, “ಏನಪ್ಪಾ, ಈ ಸಲವಾದ್ರೂ ಮಳೆ ಕೊಡ್ತೀಯೋ ಇಲ್ವೋ?” ಎಂದು ಕೇಳಿ, ಉತ್ತರ ಬಂತೇನೋ ಎಂಬಂತೆ ತಲೆಯಾಡಿಸುತ್ತಿದ್ದಳು.

ಅವಳ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವಳು ಅಕ್ಕ. ಅಕ್ಕನಿಗೆ ಬೇರೆ ಕೆಲಸ ಮಾಡುವ ಹಾಗಿರಲಿಲ್ಲ. ಹುಟ್ಟಿದಾಗಿನಿಂದ ಅವಳ ಹೃದಯದಲ್ಲಿ ಒಂದು ತೂತು ಇತ್ತು. ನಾಲ್ಕು ಹೆಜ್ಜೆ ಬೇಗ ನಡೆದರೆ ಅವಳ ತುಟಿ ನೇರಳೆಹಣ್ಣು ತಿಂದಂತೆ ಆಗುತ್ತಿತ್ತು. ನಾವೆಲ್ಲ ಕುಂಟೆಬಿಲ್ಲೆ ಆಡುವಾಗ ಅವಳು ಮನೆಮುಂದಿನ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೋಗುವ ಹೆಂಗಸರು, ಗೂಡಿನ ಚೀಲ ಹೇರಿಕೊಂಡ ಗಾಡಿಯವರು, ಎಲ್ಲರನ್ನೂ ಮಾತಾಡಿಸುತ್ತಿದ್ದಳು. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ಮಗನಿಗೆ ಜ್ವರ ಬಿಟ್ಟಿತು, ಎಲ್ಲ ಅವಳಿಗೆ ಗೊತ್ತು. ರಾತ್ರಿ ಅವ್ವನ ಪಕ್ಕದಲ್ಲಿ ಮಲಗಿ ಅವಳು ಆ ದಿನದ ಬೀದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಅವ್ವ ಅದಕ್ಕೆ ಇನ್ನಷ್ಟು ಸೇರಿಸುತ್ತಿದ್ದಳು. ಅವರಿಬ್ಬರ ಗುಸುಗುಸು ಕೇಳುತ್ತಲೇ ನನಗೆ ನಿದ್ದೆ ಬರುತ್ತಿತ್ತು.

ಆ ವರ್ಷ ಅಕ್ಕನಿಗೆ ಕೂತಲ್ಲೇ ಉಸಿರು ಕಟ್ಟತೊಡಗಿತು. ಮದರಾಸಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದರೆ ಉಳಿಯಬಹುದು ಎಂದು ಡಾಕ್ಟರು ಹೇಳಿದರು. ಅಮ್ಮ ಆಗ ಬಾಣಂತಿ. ನನ್ನ ತಮ್ಮ ಹುಟ್ಟಿ ಇನ್ನೂ ಹೆಸರಿಟ್ಟಿರಲಿಲ್ಲ. ಹಾಗಾಗಿ ಅಪ್ಪನೊಬ್ಬನೇ ಅಕ್ಕನನ್ನು ಕರೆದುಕೊಂಡು ಹೊರಟ. ಬಸ್ಸಿನಲ್ಲಿ ಬಂಗಾರಪೇಟೆಗೆ, ಅಲ್ಲಿಂದ ರೈಲು. ಅಪ್ಪ ಅವಳನ್ನು ಎತ್ತಿಕೊಂಡೇ ಬೀದಿಯಲ್ಲಿ ನಡೆದ. ನೂಲು ತೆಗೆಯುವ ಚರಕಗಳ ಯಜಮಾನರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಅವರ ಹೆಂಡತಿ, ನಮ್ಮ ಚಾಚಿ, ಅಡ್ಡ ಬಂದು ಅಕ್ಕನ ತಲೆಯ ಮೇಲೆ ಕೈಯಿಟ್ಟು, ಮೆಲ್ಲಗೆ ಏನೋ ಪಠಿಸಿ, ಅವಳ ಮುಖದ ಮೇಲೆ ಊದಿದರು. ಅಕ್ಕ ಕಣ್ಣು ಮುಚ್ಚಿ ನಕ್ಕಳು. ಅಪ್ಪನ ಹೆಗಲ ಮೇಲಿಂದ ಬೀದಿಗೆಲ್ಲ ಕೈಬೀಸಿದಳು.

ಬಸ್ಸು ಹೋದ ಮೇಲೆ ಅವ್ವ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ದೇವರ ಮುಂದೆ ಕೂತು ಗಟ್ಟಿಯಾಗಿ ಹೇಳಿದಳು. “ಸ್ವಾಮಿ, ನಿನಗೆ ಕೊಡಕ್ಕೆ ನನ್ನ ಹತ್ರ ಏನೈತೆ? ಬಾಯೊಂದೈತೆ. ಆ ಮಗು ಹೊಸಲು ದಾಟಿ ಒಳಗೆ ಬರೋವರೆಗೂ ನಾನು ಮಾತಾಡಲ್ಲ.” ಅಷ್ಟೇ. ಅಲ್ಲಿಂದ ಅವಳು ಬಾಯಿ ಬಿಡಲಿಲ್ಲ.

ಮೊದಮೊದಲು ನನಗೆ ಅದು ಆಟದಂತೆ ಕಂಡಿತು. ನನ್ನ ಮೇಲೆ ಸಿಟ್ಟು ಬಂದರೆ ಅವ್ವ ತಟ್ಟೆಯನ್ನು ದಡಾರನೆ ಇಡುತ್ತಿದ್ದಳು. ಅಮ್ಮನಿಗೆ ಕಷಾಯ ಕುಡಿ ಎನ್ನಲು ಎರಡು ಬಾರಿ ಕೆಮ್ಮುತ್ತಿದ್ದಳು. ಹಸು ಮಾತ್ರ ಕಂಗೆಟ್ಟು, ಹಾಲು ಕರೆಯುವಾಗ ತಿರುಗಿ ತಿರುಗಿ ಅವಳ ಮುಖವನ್ನೇ ನೋಡುತ್ತಿತ್ತು. ಆದರೆ ದಿನ ಕಳೆದಂತೆ ಮನೆ ಬಾವಿಯ ಹಾಗೆ ಆಯಿತು. ಹೊರಗೆ ಅಷ್ಟು ಸದ್ದು, ಒಳಗೆ ಏನೂ ಇಲ್ಲ. ಎಳೆಯ ತಮ್ಮ ಅತ್ತರೆ ಅದೂ ದೂರದಿಂದ ಬಂದಂತೆ ಅನ್ನಿಸುತ್ತಿತ್ತು. ಮಲಗಿದಾಗ ಆ ಗುಸುಗುಸು ಇಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅವ್ವನೂ ಎಚ್ಚರವಾಗಿಯೇ ಇರುತ್ತಿದ್ದಳು. ಅವಳ ಕೈ ಪಕ್ಕದ ಖಾಲಿ ಚಾಪೆಯ ಮೇಲೆ ಆಡುತ್ತಿರುವುದು ಸಣ್ಣ ದೀಪದಲ್ಲಿ ಕಾಣುತ್ತಿತ್ತು.

ನಮ್ಮ ಬೀದಿಯಲ್ಲಿ ಫೋನ್ ಇದ್ದದ್ದು ನೂಲಿನ ವ್ಯಾಪಾರ ಮಾಡುವ ಶೆಟ್ಟರ ಅಂಗಡಿಯಲ್ಲಿ ಮಾತ್ರ. ಕಪ್ಪಗೆ, ದಪ್ಪಗೆ, ಮಲಗಿದ ಬೆಕ್ಕಿನ ಹಾಗೆ ಗಾದಿಯ ಪಕ್ಕದಲ್ಲಿ ಇರುತ್ತಿತ್ತು. ದೂರದ ಊರಿಗೆ ಮಾತಾಡಬೇಕಾದರೆ ಮೊದಲು ಹೇಳಿಟ್ಟು, ಗಂಟೆಗಟ್ಟಲೆ ಕಾಯಬೇಕಿತ್ತು. ಅದನ್ನು ಟ್ರಂಕ್ ಕಾಲ್ ಎನ್ನುತ್ತಿದ್ದರು. ಕೊಟ್ಟ ಹೊತ್ತು ಮುಗಿದರೆ ಮಾತು ಅರ್ಧದಲ್ಲಿದ್ದರೂ ತುಂಡಾಗುತ್ತಿತ್ತು. ಆಪರೇಷನ್ನಿನ ದಿನ ಬೆಳಿಗ್ಗೆ ಅಕ್ಕನನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ಶೆಟ್ಟರ ಅಂಗಡಿಗೆ ಫೋನ್ ಮಾಡುತ್ತೇನೆ ಎಂದು ಅಪ್ಪ ಹೇಳಿ ಹೋಗಿದ್ದ. ಮಂಗಳವಾರ ಆಪರೇಷನ್ ಎಂದು ತಂತಿ ಬಂತು.

ಮಂಗಳವಾರ ಬೆಳಿಗ್ಗೆ ಅಮ್ಮ ಎದ್ದು ತಲೆ ಬಾಚಿಕೊಂಡು ಕೂತಳು. ಬಾಣಂತಿ ಗಾಳಿಗೆ ಹೊರಗೆ ಹೋಗಬಾರದು ಎಂಬುದು ಅವ್ವನದೇ ಕಟ್ಟುನಿಟ್ಟು. ಕಿಟಕಿಯನ್ನೂ ತೆರೆಯಲು ಬಿಡುತ್ತಿರಲಿಲ್ಲ. “ಅತ್ತೆ, ನಾನು ಹೋಗಿ ಮಾತಾಡ್ತೀನಿ,” ಎಂದು ಅಮ್ಮ ತಲೆ ತಗ್ಗಿಸಿ ಹೇಳಿದಳು. ಅವ್ವ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಮ್ಮನ ಕಿವಿಗಳಿಗೆ ಹತ್ತಿ ಇಟ್ಟು, ಅಪ್ಪನ ಉಣ್ಣೆಯ ಶಾಲನ್ನು ತಲೆಗೆ ಸುತ್ತಿ, ತಮ್ಮನನ್ನು ತಾನೇ ಎತ್ತಿಕೊಂಡು ಬಾಗಿಲು ತೆರೆದಳು. ಅಮ್ಮನ ಮೈಯಿಂದ ಸಾಂಬ್ರಾಣಿಯ ವಾಸನೆ ಬರುತ್ತಿತ್ತು. ನಾನು ಅವಳ ಸೆರಗು ಹಿಡಿದುಕೊಂಡು ನಡೆದೆ.

ಶೆಟ್ಟರು ನಮಗಾಗಿ ಚಾಪೆ ಹಾಸಿದ್ದರು. ಅಂಗಡಿಯ ಗೋಡೆಗೆ ಅಂಟಿಕೊಂಡೇ ಚಾಚಾನ ಚರಕಗಳು ಇದ್ದವು. ಗೋಡೆಯೇ ನಡುಗುತ್ತಿತ್ತು. ನಾವು ಫೋನನ್ನೇ ನೋಡುತ್ತ ಕೂತೆವು. ಬಿಸಿಲು ಹೊಸಲಿನಿಂದ ಮೇಲೇರಿ ನೂಲಿನ ಲಡಿಗಳ ಮೇಲೆ ಬಿತ್ತು. ಹಳದಿ ರೇಷ್ಮೆ ಹೊಳೆಯಿತು. ತಮ್ಮ ಅವ್ವನ ತೊಡೆಯ ಮೇಲೆ ನಿದ್ದೆ ಹೋದ.

ಕೊನೆಗೆ ಫೋನ್ ಬಡಿದುಕೊಂಡಿತು. ಶೆಟ್ಟರು ಎತ್ತಿ, “ಹಲೋ, ಹಲೋ, ಹೇಳಿ,” ಎಂದು ಕೂಗಿ ಅಮ್ಮನ ಕೈಗೆ ಕೊಟ್ಟರು. ಅಮ್ಮ ಕಿವಿಯ ಹತ್ತಿ ಕಿತ್ತು ಫೋನನ್ನು ಕಿವಿಗೆ ಒತ್ತಿಕೊಂಡಳು. ಅವಳ ಮುಖ ಬಾಡಿತು.

“ಏನೂ ಕೇಳಿಸ್ತಿಲ್ಲ. ಬರೀ ಗೊರಗೊರ.”

ಶೆಟ್ಟರು ತುಂಬ ಗಂಭೀರ ಸ್ವಭಾವದ ಮನುಷ್ಯ. ಅವರು ಬೀದಿಯಲ್ಲಿ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಅಂದು ಬರಿಗಾಲಲ್ಲಿ ಹೊರಗೆ ಹೋಗಿ, “ಚಾಚಾ, ಚರಕ ನಿಲ್ಸಪ್ಪ. ಮದ್ರಾಸಿಂದ ಮಗು ಮಾತಾಡ್ತಾ ಐತೆ,” ಎಂದು ಕೂಗಿದರು.

ಬೆಂದ ಗೂಡು ಬಿಸಿನೀರಿನಲ್ಲಿ ಹೆಚ್ಚು ಹೊತ್ತು ಉಳಿದರೆ ಎಳೆ ಹರಿದು ಹಾಳಾಗುತ್ತದೆ. ಅದು ಗೊತ್ತಿದ್ದೂ ಚಾಚಾ, “ನಿಲ್ಸ್ರೋ ಎಲ್ಲಾ, ನಮ್ಮ ಬೇಟಿ ಲೈನಲ್ಲೈತೆ,” ಎಂದರು. ಚರಕಗಳು ನಿಂತವು. ಹೋಟೆಲಿನವರು ರೇಡಿಯೊ ಆರಿಸಿದರು. ಯಾರೋ ಓಡಿಹೋಗಿ ಹೇಳಿರಬೇಕು, ಬೀದಿಯ ಕೊನೆಯ ಯಂತ್ರವೂ ಗುಂಯ್ಗುಟ್ಟುತ್ತಾ ಇಳಿದು ನಿಂತಿತು. ಗಾಡಿಯವನು ಎತ್ತುಗಳ ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡ. ಒಲೆಯ ಮೇಲೆ ನೀರು ಕುದಿಯುವುದೊಂದು ಕೇಳುತ್ತಿತ್ತು. ನಮ್ಮ ಬೀದಿಯಲ್ಲಿ ಗುಬ್ಬಚ್ಚಿಗಳು ಅಷ್ಟೊಂದು ಇದ್ದವೆಂದು ನನಗೆ ಅಂದೇ ತಿಳಿದದ್ದು.

ಆ ಮೌನದಲ್ಲಿ ಅಕ್ಕನ ದನಿ ಫೋನಿನಿಂದ ಹೊರಗೆ ಬಂತು. ಸಣ್ಣಗೆ, ಆದರೆ ಪಕ್ಕದಲ್ಲಿದ್ದ ನನಗೂ ಕೇಳುವಷ್ಟು.

“ಅಮ್ಮ, ಪಾಪು ಏನ್ ಮಾಡ್ತಾ ಐತೆ?”

“ಮಲಗೈತೆ ಕಣೇ. ನೀನು ಹೆಂಗಿದೀಯ?”

“ಚೆನ್ನಾಗಿದೀನಿ. ಇಲ್ಲಿ ಕಿಟಕಿಯಿಂದ ಸಮುದ್ರ ಕಾಣಲ್ಲ ಅಮ್ಮ. ಅಪ್ಪ ಸುಳ್ಳು ಹೇಳಿದ್ರು.” ಆಮೇಲೆ, “ಅವ್ವಂಗೆ ಕೊಡು. ನಾನು ಅವ್ವನ ಹತ್ರ ಮಾತಾಡ್ಬೇಕು,” ಎಂದಳು.

ಅಮ್ಮ ಅವ್ವನ ಕಡೆ ನೋಡಿದಳು. ಅವ್ವ ತಲೆಯನ್ನು ಬಲವಾಗಿ ಅಲ್ಲಾಡಿಸಿದಳು.

“ಅವ್ವ ವ್ರತ ಹಿಡಿದವ್ರೆ ಕಣಮ್ಮ,” ಎಂದಳು ಅಮ್ಮ. “ನೀನು ಮನೆಗೆ ಬರೋವರೆಗೂ ಮಾತಾಡಲ್ಲ ಅಂತ ದೇವ್ರಿಗೆ ಹೇಳ್ಕೊಂಡವ್ರೆ.”

ತಂತಿಯ ಒಳಗೆ ಗಾಳಿ ಬೀಸಿದಂತಹ ಸದ್ದು ಮಾತ್ರ. ಆಮೇಲೆ ಅಕ್ಕ ಕೇಳಿದಳು. ಅವಳ ದನಿ ಬದಲಾಗಿತ್ತು.

“ಅವ್ವ ಮಾತೇ ಬಿಟ್ಟವ್ರಾ? ಅಷ್ಟು ಜೋರಾಗೈತಾ ಅಮ್ಮ ನನಗೆ? ನಾನು ವಾಪಸ್ ಬರಲ್ವಾ?”

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನ ಕಡೆ ತಿರುಗಿದಳು. ಬೀದಿಗೆ ಬೀದಿಯೇ ಸುಮ್ಮನಿತ್ತಲ್ಲ, ಬಾಗಿಲಲ್ಲಿ ನಿಂತಿದ್ದ ಚಾಚಾನಿಗೂ ಅದು ಕೇಳಿತು. ಅವರು ಮುಖವನ್ನು ಆ ಕಡೆ ತಿರುಗಿಸಿಕೊಂಡರು.

ಅವ್ವ ತಮ್ಮನನ್ನು ನನ್ನ ತೊಡೆಯ ಮೇಲೆ ಮಲಗಿಸಿ ಎದ್ದಳು. ಬಾಗಿಲ ಆಚೆ, ಬೆಟ್ಟ ಇರುವ ದಿಕ್ಕಿಗೆ ಒಮ್ಮೆ ನೋಡಿದಳು. ಅಮ್ಮನ ಕೈಯಿಂದ ಫೋನ್ ತೆಗೆದುಕೊಂಡಳು. ಅವಳು ಫೋನ್ ಮುಟ್ಟಿದ್ದು ಅದೇ ಮೊದಲು. ತಲೆಕೆಳಗಾಗಿ ಹಿಡಿದಿದ್ದಳು. ಶೆಟ್ಟರು ಮೆಲ್ಲಗೆ ಸರಿಮಾಡಿ ಕೊಟ್ಟರು.

“ಬರ್ತೀಯ ಕಣೇ ಬಂಗಾರು,” ಎಂದಳು ಅವ್ವ. ಇಷ್ಟು ದಿನ ಬಳಸದ ದನಿ ಒಣಗಿ ಒಡೆದಿತ್ತು. “ಯಾಕೆ ಬರಲ್ಲ? ನೀನು ಬಂದ್ಮೇಲೆ ಕೂತ್ಕೊಂಡು ಮಾತಾಡಣ ಅಂತಿದ್ದೆ. ತಡೆಯಕ್ಕಾಗ್ಲಿಲ್ಲ, ಅದಕ್ಕೆ ಈಗ್ಲೇ ಮಾತಾಡ್ತಿದೀನಿ.”

ಅಕ್ಕ ನಕ್ಕಳು. ಅವಳು ಹಾಗೆ ನಕ್ಕದ್ದು ನಮಗೆಲ್ಲ ಕೇಳಿತು.

“ಅವ್ವ, ದೇವ್ರು ಬೈಯಲ್ವಾ?”

“ಬೈದ್ರೆ ನನ್ನನ್ನ ಬೈತಾನೆ. ಅವನ ಹತ್ರ ನಾನು ಮಾತಾಡ್ಕೋತೀನಿ. ನೀನು ಹೇಳು, ಏನು ತಿಂದೆ?”

“ಏನೂ ಕೊಟ್ಟಿಲ್ಲ. ಹೊಟ್ಟೆ ಹಸೀತೈತೆ.”

“ಬಾ ತಲ್ಲಿ. ಮುದ್ದೆ, ಬಸ್ಸಾರು ಮಾಡಿರ್ತೀನಿ. ಕೆಂಪು ಸೀರೆಯ ಸೊಪ್ಪಿನವಳು ದಿನಾ ಕೇಳ್ತಾಳೆ ನಿನ್ನ. ಹಸೂನೂ ಬಾಗಿಲ ಕಡೆ ನೋಡ್ತಾ ಐತೆ…”

ಅವ್ವ ಹೇಳುತ್ತಲೇ ಇದ್ದಳು. ಕೂಡಿಟ್ಟ ಮಾತುಗಳೆಲ್ಲ ಒಟ್ಟಿಗೆ ಬರುತ್ತಿದ್ದವು. ನಡುವೆ ಯಾವುದೋ ಹೆಂಗಸಿನ ದನಿ ಬಂದು ಹೊತ್ತು ಮುಗಿಯಿತು ಎಂದಿತು. ಟಕ್ ಎಂದು ಶಬ್ದವಾಗಿ ಎಲ್ಲ ನಿಂತಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಶೆಟ್ಟರು ನಮ್ಮ ಮನೆಗೆ ಬಂದರು. ಒಳಗೆ ಬರದೆ ಜಗಲಿಯ ಮೇಲೆ, ಅಕ್ಕ ಕೂರುತ್ತಿದ್ದ ಜಾಗದ ಪಕ್ಕ, ಕೂತುಬಿಟ್ಟರು. ಅಪ್ಪ ಮತ್ತೆ ಫೋನ್ ಮಾಡಿದ್ದ. ಡಾಕ್ಟರುಗಳು ಬಹಳ ಹೊತ್ತು ಪ್ರಯತ್ನಿಸಿದರಂತೆ. ಹೃದಯ ಮತ್ತೆ ಬಡಿಯಲಿಲ್ಲವಂತೆ. ಶೆಟ್ಟರು ಅದನ್ನು ಹೇಳಿ ಮುಗಿಸುವ ಮೊದಲೇ ಅಮ್ಮ ನೆಲಕ್ಕೆ ಕುಸಿದಿದ್ದಳು. ಚಾಚಿ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವ್ವ ಮಾತ್ರ ಅಳಲಿಲ್ಲ. ಕೈಯಲ್ಲಿದ್ದ ದೀಪದ ಬತ್ತಿಯನ್ನು ಹೊಸೆಯುತ್ತಲೇ ನಿಂತಿದ್ದಳು. ಅದು ಹರಿದು ಪುಡಿಯಾದರೂ ಹೊಸೆಯುತ್ತಿದ್ದಳು.

ಅಷ್ಟು ದೂರದಿಂದ ಅಕ್ಕನನ್ನು ತರಲಾಗಲಿಲ್ಲ. ಅಪ್ಪ ಅಲ್ಲಿಯೇ ಎಲ್ಲ ಮುಗಿಸಿ, ಅವಳ ಬಟ್ಟೆಯ ಚೀಲವೊಂದನ್ನು ಹಿಡಿದುಕೊಂಡು ಬಂದ. ಅಷ್ಟರಲ್ಲಿ ಅವ್ವ ಮತ್ತೆ ಮಾತು ಬಿಟ್ಟಿದ್ದಳು. ಈ ಸಲ ಅದು ವ್ರತವಾಗಿರಲಿಲ್ಲ. ಬೆಳಿಗ್ಗೆ ಬೆಟ್ಟದ ಕಡೆ ತಿರುಗುತ್ತಿರಲಿಲ್ಲ, ದೇವರ ಗೂಡಿನ ಹತ್ತಿರ ಸುಳಿಯುತ್ತಿರಲಿಲ್ಲ. ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ದುಃಖ ಕೇಳಲು ಬಂದವರಲ್ಲಿ ಒಬ್ಬಾಕೆ, “ವ್ರತ ಕೆಡಬಾರದಿತ್ತು,” ಎಂದು ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು. ಆಕೆ ಹೇಳದಿದ್ದರೂ ಅವ್ವ ಅದನ್ನೇ ಅಂದುಕೊಳ್ಳುತ್ತಿದ್ದಳೋ ಏನೋ.

ಅಪ್ಪ ಬಂದವನೇ ಕೈಕಾಲು ತೊಳೆದು ಅವ್ವನ ಮುಂದೆ ಕೂತ. ಅವನ ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು.

“ನಾನು ತಪ್ಪು ಮಾಡಿದೆ ಕಣಪ್ಪ,” ಎಂದಳು ಅವ್ವ. ಆ ಸುದ್ದಿ ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು. “ಅವನಿಗೆ ಕೊಟ್ಟಿದ್ದನ್ನ ವಾಪಸ್ ಕಿತ್ಕೊಂಡೆ. ಅವನೂ ಕಿತ್ಕೊಂಡ.”

ಅಪ್ಪ ಅಕ್ಕನ ಬಟ್ಟೆಯ ಚೀಲವನ್ನು ಅವ್ವನ ಮುಂದೆ ಇಟ್ಟ. ಆಮೇಲೆ ಹೇಳಿದ. “ಫೋನ್ ಬರೋವರೆಗೂ ಅವಳು ನನ್ನ ಅಂಗಿ ಹಿಡ್ಕೊಂಡು ನಡುಗ್ತಾ ಇದ್ಲಮ್ಮ. ಒಳಗೆ ಹೋಗಲ್ಲ ಅಂತಿದ್ಲು. ನೀನು ಮಾತಾಡಿದ ಮೇಲೆ ಅಂಗಿ ಬಿಟ್ಲು. ನರ್ಸಮ್ಮನಿಗೆ ತೆಲುಗು ಬರ್ತಿತ್ತು. ಗಾಡಿ ತಳ್ಕೊಂಡು ಹೋಗೋವಾಗ, ನಮ್ಮವ್ವ ದೇವ್ರಿಗೆ ಕೊಟ್ಟ ಮಾತು ಬಿಟ್ಟು ನನ್ನ ಹತ್ರ ಮಾತಾಡಿದ್ರು ಅಂತ ಆಕೆಗೆ ಹೇಳ್ಕೊಂಡು ನಗ್ತಾ ಹೋದ್ಲು. ಬಾಗಿಲು ಮುಚ್ಚೋವರೆಗೂ ಆ ಮಾತೇ ಹೇಳ್ತಿದ್ಲು.”

ಅವ್ವ ಅಪ್ಪನ ಮುಖವನ್ನೇ ನೋಡಿದಳು. “ನಗ್ತಾ ಇದ್ಲಾ?” ಎಂದು ಕೇಳಿದಳು. “ಹೂಂ,” ಎಂದ ಅಪ್ಪ. ಆಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಮ್ಮ ಎದ್ದು ಬಂದು ಅವಳ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಳು. ಅಪ್ಪ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡ. ನಾನು ಅಪ್ಪನ ಕೈ ಹಿಡಿದುಕೊಂಡೆ. ದೀಪ ಹಚ್ಚುವವರೆಗೂ ನಾವು ಹಾಗೆಯೇ ಕೂತಿದ್ದೆವು. ಯಾರೂ ಮಾತಾಡಲಿಲ್ಲ. ಆದರೆ ಮನೆ ಬಾವಿಯಂತೆ ಅನ್ನಿಸಲಿಲ್ಲ.

ಎಷ್ಟೋ ತಿಂಗಳ ಮೇಲೆ ಒಂದು ಸೋಮವಾರ ಅವ್ವ ನನ್ನನ್ನು ಕರೆದುಕೊಂಡು ನಂದಿಗೆ ಹೋದಳು. ಗುಡಿಯ ಒಳಗೆ ಹೋಗಲು ಹಿಂದೆಮುಂದೆ ನೋಡಿದಳು. ಕೊನೆಗೆ ಹೋಗಿ, ಕಲ್ಲುಕಂಬಕ್ಕೆ ಒರಗಿ, ತಣ್ಣನೆಯ ನೆಲದ ಮೇಲೆ ಕೂತಳು. ಎಂದಿನ ಹಾಗೆ ದೇವರನ್ನು ಏನೂ ಕೇಳಲಿಲ್ಲ, ಬೈಯಲಿಲ್ಲ. ವಾಪಸ್ ಬರುವಾಗ ನಾನು, “ದೇವ್ರ ಹತ್ರ ಮಾತಾಡಿದ್ಯಾ ಅವ್ವ?” ಎಂದೆ. “ಇಲ್ಲ ಕಣಮ್ಮ,” ಎಂದಳು. “ಇಬ್ರೂ ಸುಮ್ನೆ ಕೂತಿದ್ವಿ. ಸಾಕು ಅನ್ನಿಸ್ತು.”

ಮಕ್ಕಳೇ, ಇದೆಲ್ಲ ನಡೆದದ್ದು ನಿಮ್ಮ ಅಪ್ಪ ಅಮ್ಮ ಹುಟ್ಟುವುದಕ್ಕೂ ಮೊದಲಿನ ಕಾಲದಲ್ಲಿ. ಈಗ ನಮ್ಮ ಮನೆಯಲ್ಲಿ ಎಷ್ಟು ಜನರೋ ಅಷ್ಟು ಫೋನು. ಚಿಂತಾಮಣಿಯಲ್ಲಿರುವ ನಿಮ್ಮ ಅತ್ತೆ ಒಗ್ಗರಣೆ ಹಾಕುವಾಗ ನನಗೆ ಅದರ ಹೊಗೆ ಕೂಡ ಕಾಣುತ್ತದೆ. ನೀವು ಹುಟ್ಟಿದಾಗ ಅತ್ತ ಮೊದಲ ಅಳುವೂ ನಿಮ್ಮ ಅಪ್ಪನ ಫೋನಿನಲ್ಲಿದೆ. ಇದನ್ನೆಲ್ಲ ನಾನು ದೂರುವುದಿಲ್ಲ. ಆ ಕಪ್ಪು ಫೋನ್ ಇಲ್ಲದಿದ್ದರೆ ಅಕ್ಕ ನಡುಗುತ್ತಲೇ ಒಳಗೆ ಹೋಗುತ್ತಿದ್ದಳು. ಇಂದಿನ ಫೋನು, ಇಂದಿನ ಆಸ್ಪತ್ರೆ ಅಂದೇ ಇದ್ದಿದ್ದರೆ ಅವಳೂ ಇಂದು ನಿಮಗೆ ಅಜ್ಜಿಯಾಗಿ ಇರುತ್ತಿದ್ದಳೋ ಏನೋ. ನನ್ನ ತಮ್ಮ, ನಿಮ್ಮ ಚಿಕ್ಕಜ್ಜ, ತಿಳಿವು ಬಂದ ಮೇಲೆ ಅವಳ ದನಿಯನ್ನು ಒಮ್ಮೆಯೂ ಕೇಳಲಿಲ್ಲ. ಅದು ಎಲ್ಲಿಯೂ ಉಳಿದಿಲ್ಲ. ನನಗೂ ಅವಳ ಮಾತುಗಳು ನೆನಪಿವೆ, ದನಿ ಈಗ ಸರಿಯಾಗಿ ನೆನಪಾಗುವುದಿಲ್ಲ.

ಆದರೆ ಅಂದು ಒಂದು ಮಗು ಮಾತಾಡುತ್ತಿದೆ ಎಂದು ಬೀದಿ ಕೆಲಸ ಬಿಟ್ಟು ಕಿವಿಗೊಟ್ಟಿತ್ತು. ಈಗ ನೀವು ಹಾಸ್ಟೆಲಿನಿಂದ ಫೋನ್ ಮಾಡಿದಾಗ ಇಲ್ಲಿ ಟಿವಿ ಓಡುತ್ತಿರುತ್ತದೆ, ಮಿಕ್ಸಿ ತಿರುಗುತ್ತಿರುತ್ತದೆ, ನಿಮ್ಮ ಅಪ್ಪ ಇನ್ನೊಂದು ಫೋನಿನಲ್ಲಿ ಇರುತ್ತಾನೆ. ನಿಮ್ಮ ಕಡೆಯಿಂದಲೂ ಏನೋ ಹಾಡು, ಯಾರೋ ಕೂಗು. “ಏನಿಲ್ಲ ಅಜ್ಜಿ, ಸುಮ್ನೆ ಮಾಡ್ದೆ,” ಎನ್ನುತ್ತೀರಿ. ಸುಮ್ಮನೆ ಯಾರೂ ಫೋನ್ ಮಾಡುವುದಿಲ್ಲ. ಅದಕ್ಕೇ ನಾನು ಎದ್ದು ಟಿವಿ ಆರಿಸುತ್ತೇನೆ, ಎಲ್ಲರೂ ಗೊಣಗಿದರೂ ಸರಿ. ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತು ಕೇಳುತ್ತೇನೆ. ನೀವು ಬೈ ಅಂದ ಮೇಲೂ ಫೋನನ್ನು ಕಿವಿಯಿಂದ ತೆಗೆಯುವುದಿಲ್ಲ. ನೀವು ಗೆಳೆಯರ ಕಡೆ ತಿರುಗಿ, “ನಮ್ಮಜ್ಜಿಗೆ ಕಟ್ ಮಾಡೋಕೆ ಬರಲ್ಲ,” ಎಂದು ನಗುವುದು ನನಗೆ ಕೇಳುತ್ತದೆ.

ಬರುತ್ತದೆ. ನಾನೇ ಮಾಡುವುದಿಲ್ಲ.